ಜೀಪಿನ ಮುಂದಿನ ಅಚ್ಚು

ಎತ್ತಿನ ಗಾಡಿಯ ಅಚ್ಚಿಗೆ ಇರುವ ಕರ್ತವ್ಯ ಒಂದೇ: ಭಾರವನ್ನು ಹೊತ್ತು ಗಾಲಿಯನ್ನು ತಿರುಗಗೊಡುವುದು. ಮೋಟಾರು ವಾಹನದ ಮುಂದಿನ ಅಚ್ಚಾದರೋ ಇದರ ಜೊತೆಗೆ ಗಾಲಿಯು ಎಡಬಲಗಳಿಗೆ ಹೊರಳಲು ಎಡೆಮಾಡಿಕೊಡಬೇಕು, ಬ್ರೇಕು ಬಿಗಿದಾಗ ಮುಂದಕ್ಕೆ ನುಗ್ಗುವ ಗಾಡಿಯ ಒತ್ತಡವನ್ನು ತಾಳಬೇಕು, ತಿರುವುಗಳಲ್ಲಿ ಪಕ್ಕದಿಂದ ಬರುವ ನೂಕನ್ನು ಸಹಿಸಬೇಕು. ನಾಲ್ಕು ಗಾಲಿಗಳೂ ಎಳೆಯುವ ಜೀಪಿನಂತಹ ವಾಹನವಾದರೆ, ಇಷ್ಟನ್ನೂ ನಡೆಸಿಕೊಂಡೇ ಎಂಜಿನ್ನಿನ ಶಕ್ತಿಯನ್ನು ಹೊರಳಿ ನಿಂತ ಗಾಲಿಗೂ ಮುಟ್ಟಿಸಬೇಕು. ಒಂದು ಯಂತ್ರಭಾಗದ ಮೇಲೆ ಇಷ್ಟು ವಿಧದ ಹೊಣೆಗಳನ್ನು ಹೇರಿದ ಮೇಲೆ ಅದು ಎಲ್ಲಿ ಸವೆಯುತ್ತದೆ, ಏತಕ್ಕೆ ಸವೆಯುತ್ತದೆ, ಸವೆತವು ಅಪಾಯದ ಎಲ್ಲೆಯನ್ನು ಮುಟ್ಟುವ ಮೊದಲೇ ಅದನ್ನು ಕಂಡುಹಿಡಿಯುವ ಬಗೆ ಹೇಗೆ ಎಂಬುದು ಮೆಕ್ಯಾನಿಕರಿಗೆ ಮಾತ್ರವೇ ಸೇರಿದ ವಿಚಾರವಲ್ಲ. ಭೌತವಿಜ್ಞಾನದಲ್ಲಿ ಆಸಕ್ತಿಯುಳ್ಳ ಯಾರಾದರೂ ಇದರಲ್ಲಿ ಒಂದು ಮಧ್ಯಾಹ್ನವನ್ನು ಸಂತೋಷದಿಂದ ಕಳೆಯಬಹುದು.

ನಿದರ್ಶನಕ್ಕೆ ವಿಲಿಸ್ ಜೀಪನ್ನೇ ತೆಗೆದುಕೊಳ್ಳೋಣ. ಅಮೆರಿಕದ ಸೈನ್ಯಕ್ಕಾಗಿ 1940–41ರಲ್ಲಿ ರೂಪುಗೊಂಡ ಈ ವಾಹನವು ಯುದ್ಧಾನಂತರ ಮಹೀಂದ್ರಾ ಸಂಸ್ಥೆಯ ಮೂಲಕ ಭಾರತದಲ್ಲಿ ನೆಲೆಯೂರಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಅದರ ಸಂತತಿ ಇಂದಿಗೂ ದುಡಿಯುತ್ತಿದೆ. ಮಡಿಕೇರಿಯ ಬಳಿಯ ಮಾಂದಲಪಟ್ಟಿಯ ಏರಿಗೆ ಪ್ರವಾಸಿಗಳನ್ನು ಹೊತ್ತೊಯ್ಯುವುದೂ ಜೀಪುಗಳೇ. ಈಗಿನ ಕಾರುಗಳಲ್ಲಿ ಗಾಲಿಯ ನಾಭಿ, ಎಂದರೆ ಹಬ್, ಬೇರಿಂಗಿನ ಸಮೇತ ಮುಚ್ಚಿ ಭದ್ರಪಡಿಸಿದ ಒಂದೇ ಘಟಕವಾಗಿ ಬರುತ್ತದೆ. ಕೆಟ್ಟರೆ ಇಡಿಯಾಗಿ ಬದಲಿಸುವುದಲ್ಲದೆ ಅದನ್ನು ಬಿಚ್ಚಿ ನೋಡುವ ಪ್ರಸಕ್ತಿಯೇ ಇಲ್ಲ. ಮಾಲೀಕನಿಗೆ ಇದು ಅನುಕೂಲ, ಕಲಿಯುವವನಿಗೆ ನಷ್ಟ. ಜೀಪಿನ ಅಚ್ಚು ಹಾಗಲ್ಲ. ಬಿಚ್ಚಿದಷ್ಟೂ ತನ್ನ ಚರಿತ್ರೆಯನ್ನು ತಾನೇ ಹೇಳಿಕೊಳ್ಳುತ್ತದೆ.

ಅದರ ರಚನೆ ಹೀಗಿದೆ. ಉಕ್ಕಿನ ಕೊಳವೆಯಾದ ಹೌಸಿಂಗಿನ ಎರಡು ತುದಿಗಳಲ್ಲಿಯೂ ಟೊಳ್ಳಾದ ಗೋಳಗಳಿವೆ. ಗೋಳದ ಮೇಲೊಂದು ಕೆಳಗೊಂದು ಇರುವ ಕಿಂಗ್ ಪಿನ್ ಎಂಬ ಗೂಟಗಳ ಪುಟ್ಟ ಬೇರಿಂಗುಗಳನ್ನಾಶ್ರಯಿಸಿ, ಮೆಕ್ಯಾನಿಕರು ನಕಲ್ ಎಂದು ಕರೆಯುವ ಭಾಗವು ಎಡಬಲಗಳಿಗೆ ಹೊರಳುತ್ತದೆ. ನಕಲಿಗೆ ಬಿಗಿದ ಟೊಳ್ಳು ಸ್ಪಿಂಡಲಿನ ಮೇಲೆ, ಒಳಗೊಂದು ಹೊರಗೊಂದು ಬೇರಿಂಗಿನ ಆಧಾರದಿಂದ, ಗಾಲಿಯ ನಾಭಿ ತಿರುಗುತ್ತದೆ. ಗಾಲಿಯನ್ನು ಎಳೆಯುವ ಶಾಫ್ಟು ಸ್ಪಿಂಡಲಿನ ಟೊಳ್ಳಿನಲ್ಲಿ ಹಾದುಬಂದು, ಹೊರತುದಿಯಲ್ಲಿ ಆರು ಬೋಲ್ಟುಗಳ ಫ್ಲ್ಯಾಂಜಿನ ಮೂಲಕ ನಾಭಿಯನ್ನು ಹಿಡಿದುಕೊಂಡಿದೆ. ಈ ಏರ್ಪಾಟಿನ ಜಾಣ್ಮೆಯನ್ನು ಗಮನಿಸಬೇಕು: ಗಾಡಿಯ ಭಾರವೆಲ್ಲ ಸ್ಪಿಂಡಲಿನದು, ಶಾಫ್ಟಿನ ಪಾಲಿಗೆ ತಿರುಚು ಬಲವೊಂದೇ. ಆದಕಾರಣ ಕಾಡಿನ ನಡುವೆ ಶಾಫ್ಟು ಮುರಿದರೂ ಗಾಲಿ ಕಳಚಿಕೊಳ್ಳುವುದಿಲ್ಲ. ಫ್ಲ್ಯಾಂಜನ್ನು ತೆಗೆದಿಟ್ಟು ಹಿಂದಿನ ಗಾಲಿಗಳ ಬಲದಿಂದ ಮನೆ ಸೇರಬಹುದು.

ನಾಭಿಯೊಳಗಿನ ಬೇರಿಂಗುಗಳಲ್ಲಿರುವುದು ಗುಂಡುಗಳಲ್ಲ, ಒಂದು ತುದಿಗೆ ಸಣ್ಣಗಾಗುತ್ತ ಹೋಗುವ ಶಂಕುವಿನಾಕಾರದ ಉರುಳೆಗಳು. ಅಮೆರಿಕದ ಸಾರೋಟು ತಯಾರಕ ಹೆನ್ರಿ ಟಿಮ್‌ಕೆನ್ ಇವುಗಳಿಗೆ ಪೇಟೆಂಟು ಪಡೆದದ್ದು 1898ರಲ್ಲಿ. ಸಾರೋಟು ತಿರುವಿನಲ್ಲಿ ಹೊರಳಿದಾಗ ಗಾಲಿಯ ಮೇಲೆ ಪಕ್ಕದಿಂದ ಬೀಳುವ ನೂಕನ್ನು ನೆಟ್ಟನೆಯ ಉರುಳೆಗಳು ತಾಳಲಾರವು. ಓರೆಯಾದ ಉರುಳೆಯಾದರೆ ಮೇಲಿನ ಭಾರವನ್ನೂ ಪಕ್ಕದ ನೂಕನ್ನೂ ಒಟ್ಟಿಗೆ ಹೊರಬಲ್ಲುದು. ಇಲ್ಲಿ ರೇಖಾಗಣಿತದ ಒಂದು ಸೊಗಸಿದೆ. ಉರುಳೆಗಳ ಓರೆಯನ್ನೂ ಅವು ಉರುಳುವ ಒಳಹೊರ ಬಳೆಗಳ ಓರೆಯನ್ನೂ ಮನಸ್ಸಿನಲ್ಲಿಯೇ ಮುಂದಕ್ಕೆ ಎಳೆದರೆ ಅವೆಲ್ಲವೂ ಅಚ್ಚಿನ ಮಧ್ಯರೇಖೆಯ ಮೇಲಿನ ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ. ಹಾಗೆ ಸಂಧಿಸುವುದರಿಂದಲೇ ಉರುಳೆಯು ತನ್ನ ಉದ್ದಕ್ಕೂ ಜಾರದೆ ಶುದ್ಧವಾಗಿ ಉರುಳುತ್ತದೆ. ಇಂತಹ ಒಂದೇ ಬೇರಿಂಗು ಒಂದು ದಿಕ್ಕಿನ ನೂಕನ್ನು ಮಾತ್ರ ತಡೆಯುವುದರಿಂದ, ವಿರುದ್ಧ ದಿಕ್ಕುಗಳಿಗೆ ಓರೆಯಾದ ಎರಡನ್ನು ಜೋಡಿಯಾಗಿ ಕೂಡಿಸುತ್ತಾರೆ.

ಉರುಳೆಯು ಬಳೆಯನ್ನು ಮುಟ್ಟುವುದು ಒಂದು ಗೆರೆಯುದ್ದಕ್ಕೆ ಮಾತ್ರ. ಜೀಪಿನ ತೂಕ ಸುಮಾರು 1,100 ಕಿಲೋಗ್ರಾಂ. ಅದರ ನಾಲ್ಕನೆಯ ಒಂದು ಪಾಲು, ಕುಳಿಗೆ ಬಿದ್ದಾಗ ಅದರ ಹಲವು ಮಡಿ, ಅಷ್ಟು ಕಿರಿದಾದ ಸ್ಪರ್ಶರೇಖೆಗಳ ಮೇಲೆ ನಿಲ್ಲುತ್ತದೆ. ಎರಡು ವಕ್ರ ಘನಗಳು ಒತ್ತಿದಾಗ ಆ ಒತ್ತಡ ಹೇಗೆ ಹರಡುತ್ತದೆಂಬುದನ್ನು 1880ರ ದಶಕದ ಆದಿಯಲ್ಲಿ ಗಣಿತದಿಂದ ಬಿಡಿಸಿ ತೋರಿಸಿದವನು, ಮುಂದೆ ವಿದ್ಯುತ್ಕಾಂತೀಯ ತರಂಗಗಳಿಂದ ಹೆಸರಾದ ಹೈನ್‌ರಿಶ್ ಹರ್ಟ್ಜ್. ಆ ಗಣಿತದಿಂದ ಹೊರಡುವ ಒಂದು ಫಲ ಅಚ್ಚರಿಯದಾಗಿದೆ: ಲೋಹವನ್ನು ಕತ್ತರಿಸುವಂತಹ ಒತ್ತಡವು ಅತ್ಯಧಿಕವಾಗಿರುವುದು ಮೇಲ್ಮೈಯಲ್ಲಲ್ಲ, ಅದರ ತುಸು ಕೆಳಗೆ. ಅಲ್ಲಿ ಕಣ್ಣಿಗೆ ಕಾಣದ ಬಿರುಕೊಂದು ಹುಟ್ಟಿ, ಲಕ್ಷಾಂತರ ಸುತ್ತುಗಳಲ್ಲಿ ಮೆಲ್ಲಮೆಲ್ಲನೆ ಮೇಲೇರಿ, ಕಡೆಗೊಂದು ದಿನ ಹೊಳೆಯುವ ಮೈಯಿಂದ ಚಕ್ಕೆಯೊಂದು ಎದ್ದುಬರುತ್ತದೆ. ಉರುಳೆ ಬೇರಿಂಗಿನ ಮೇಲಿನ ಭಾರವನ್ನು ಇಮ್ಮಡಿಸಿದರೆ ಅದರ ಆಯುಷ್ಯ ಅರ್ಧಕ್ಕಿಳಿಯುವುದಿಲ್ಲ, ಸುಮಾರು ಹತ್ತರಲ್ಲೊಂದಕ್ಕೆ ಇಳಿಯುತ್ತದೆ. ತೋಟದ ಜೀಪಿನಲ್ಲಿ ಗೊಬ್ಬರದ ಮೂಟೆಗಳನ್ನು ಮೇಲೆಮೇಲೆ ಪೇರಿಸುವವರು ಈ ಲೆಕ್ಕವನ್ನು ಕೇಳಿದರೂ ಪೇರಿಸುವುದನ್ನು ಬಿಡುವರೆಂದು ನನಗೆ ಭರವಸೆಯಿಲ್ಲ.

ಇನ್ನು ಪರೀಕ್ಷೆಯ ಮಾತು. ನುರಿತ ಕೈ ಯಾವುದನ್ನೂ ಬಿಚ್ಚುವ ಮೊದಲೇ ಅರ್ಧ ರೋಗವನ್ನು ಗುರುತಿಸುತ್ತದೆ. ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಅಡ್ಡೆ ಕೊಟ್ಟು, ಮುಂದಿನ ಅಚ್ಚನ್ನು ಜಾಕಿನಿಂದೆತ್ತಿ, ಭದ್ರವಾದ ಊರುಗೋಲು ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಜಾಕೊಂದನ್ನೇ ನಂಬಿ ಗಾಡಿಯ ಕೆಳಗೆ ನುಗ್ಗಕೂಡದು. ಆ ಬಳಿಕ ಗಾಲಿಯನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರೆ, ಸಡಿಲವಿದ್ದ ಪಕ್ಷದಲ್ಲಿ ಕಟಕಟನೆಯ ಒಂದು ಚಲನೆ ಅಂಗೈಗೆ ತಿಳಿಯುತ್ತದೆ. ಇದಕ್ಕೆ ಗ್ಯಾರೇಜಿನವರು ಹೇಳುವುದು ‘ಪ್ಲೇ ಇದೆ’ ಎಂದು. ಆದರೆ ಯಾವುದರ ಪ್ಲೇ? ನಾಭಿಯ ಬೇರಿಂಗಿನದೋ ಕಿಂಗ್ ಪಿನ್ನಿನದೋ? ಇದನ್ನು ಬೇರ್ಪಡಿಸುವ ಉಪಾಯ ಬಹು ಸರಳ: ಇನ್ನೊಬ್ಬನು ಬ್ರೇಕನ್ನು ಒತ್ತಿ ಹಿಡಿಯಲಿ. ಬ್ರೇಕು ಹಿಡಿದೊಡನೆ ನಾಭಿಗೆ ಬಿಗಿದ ಡ್ರಮ್ಮೂ ನಕಲೂ ಒಂದಾಗುವುದರಿಂದ ನಾಭಿಯ ಸಡಿಲವು ಮರೆಯಾಗುತ್ತದೆ. ಆಗಲೂ ಗಾಲಿ ಅಲುಗಿದರೆ ದೋಷ ಕಿಂಗ್ ಪಿನ್ನಿನ ಬೇರಿಂಗಿನಲ್ಲಿದೆ. ಗಾಲಿಯನ್ನು ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ, ಎರಡು ಗಾಲಿಗಳನ್ನೂ ಒಟ್ಟಿಗೆ ಹೊರಳಿಸುವ ಟೈ ರಾಡಿನ ತುದಿಗಳನ್ನು ನೋಡಬೇಕು. ಒಂದು ಪೈಸೆಯ ಉಪಕರಣವೂ ಬೇಡದ ಈ ಪರೀಕ್ಷೆಯಲ್ಲಿ ತರ್ಕಶಾಸ್ತ್ರದ ಶುದ್ಧ ವಿಧಾನವೇ ಅಡಗಿದೆ.

ಅಂತೆಯೇ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಪಟ್ಟಿಯ ಮೇಲಿಟ್ಟರೆ, ಕಿವಿಗೆ ಕೇಳಿಸದ ಒರಟುತನವೂ ಬೆರಳಿಗೆ ಗೊತ್ತಾಗುತ್ತದೆ. ಓಡುವಾಗ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬಲತಿರುವಿನಲ್ಲಿ ಏರಿದರೆ ಎಡನಾಭಿಯನ್ನು ಶಂಕಿಸಬೇಕು. ತಿರುವಿನಲ್ಲಿ ಭಾರವು ಹೊರಮಗ್ಗುಲಿನ ಗಾಲಿಗೆ ವಾಲುವುದೇ ಇದಕ್ಕೆ ಕಾರಣ.

ಬಿಚ್ಚುವ ಕ್ರಮವನ್ನು ಇಲ್ಲಿ ವಿಸ್ತರಿಸಬೇಕಾದ್ದಿಲ್ಲ. ಮುಚ್ಚಳ, ಫ್ಲ್ಯಾಂಜು, ಹೊರನಟ್ಟು, ಅಂಚು ಮಡಿಸಿದ ಲಾಕ್ ವಾಷರು, ಒಳನಟ್ಟು ಇವು ಕಳಚಿದ ಮೇಲೆ ಗಾಲಿಯನ್ನು ಅಲುಗಿಸಿದರೆ ಹೊರಬೇರಿಂಗು ತಾನಾಗಿ ಕೈಗೆ ಬರುತ್ತದೆ. ಹಳೆಯ ಬ್ರೇಕು ಲೈನರುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಊದಕೂಡದು, ಒದ್ದೆ ಬಟ್ಟೆಯಿಂದ ಒರಸಬೇಕು. ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿದಾಗ, ಅದರ ಮೈಮೇಲಿನ ಗುರುತುಗಳನ್ನು ಓದುವ ಕೆಲಸ ಮೊದಲಾಗುತ್ತದೆ. ಚಕ್ಕೆಯೆದ್ದ ಕುಳಿ ಕಂಡರೆ ಅದು ಹರ್ಟ್ಜನ ಗಣಿತ ಮುನ್ನುಡಿದ ಆಯಾಸ. ಒಣಹುಲ್ಲಿನ ಬಣ್ಣವೋ ನೀಲಿಯೋ ತೋರಿದರೆ ಉಕ್ಕು ಅತಿಯಾಗಿ ಕಾದಿದೆ. ನೀಲಿಬಣ್ಣ ಹುಟ್ಟುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ, ಮತ್ತು ಅಷ್ಟು ಕಾದ ಉಕ್ಕು ತನ್ನ ಕಾಠಿಣ್ಯದ ಒಂದಂಶವನ್ನು ಕಳೆದುಕೊಂಡಿರುತ್ತದೆ. ಕಂದು ಕಲೆಗಳು ನೀರಿನ ಸಾಕ್ಷಿ. ಉರುಳೆಗಳ ಅಂತರಕ್ಕೆ ಸರಿಯಾಗಿ ಬಳೆಯ ಮೇಲೆ ಸಾಲು ಗುಳಿಗಳು ಬಿದ್ದಿದ್ದರೆ, ಗಾಡಿ ಓಡದೆ ನಿಂತಲ್ಲೇ ಅದುರುತ್ತಿದ್ದಿತೆಂದು ತಿಳಿಯಬಹುದು. ರೈಲಿನಲ್ಲಿ ಸಾಗಿಸಿದ ಹೊಸ ಕಾರುಗಳಲ್ಲಿಯೂ ಒಂದು ಕಾಲಕ್ಕೆ ಈ ರೋಗ ಕಾಣಿಸಿಕೊಂಡು ತಜ್ಞರನ್ನು ಕಂಗೆಡಿಸಿತ್ತು. ಒಂದು ಬಳೆ ಕೆಟ್ಟಿದ್ದರೆ ಅದರೊಡನೆ ಓಡಿದ ಉರುಳೆಗಳನ್ನೂ ಕೂಡಿಯೇ ಬದಲಿಸಬೇಕು. ಅರ್ಧ ಹೊಸದು ಅರ್ಧ ಹಳೆಯದು ಎಂಬ ಮಿತವ್ಯಯ ಇಲ್ಲಿ ಸಲ್ಲದು.

ಗ್ರೀಸೆಂಬುದು ಬರಿಯ ಮಂದವಾದ ಎಣ್ಣೆಯಲ್ಲ. ಅದರಲ್ಲಿ ಲೋಹದ ಸಾಬೂನಿನ ಎಳೆಗಳ ಹೆಣಿಗೆಯೊಂದಿದ್ದು, ಬತ್ತಿಯು ಎಣ್ಣೆಯನ್ನು ಹಿಡಿದಿರುವಂತೆ ಅದು ಎಣ್ಣೆಯನ್ನು ಹಿಡಿದುಕೊಂಡು ಬೇಕಾದಲ್ಲಿ ಇಷ್ಟಿಷ್ಟೇ ಬಿಡುತ್ತದೆ. ಸುಣ್ಣದ ಸಾಬೂನಿನ ಗ್ರೀಸು ನೀರಿಗೆ ಅಂಜದು, ಬಿಸಿಗೆ ಕರಗುತ್ತದೆ. ಸೋಡದ ಸಾಬೂನಿನದು ಬಿಸಿಯನ್ನು ತಾಳುತ್ತದೆ, ನೀರು ಸೋಕಿದರೆ ಹಾಲಾಗುತ್ತದೆ. ಎರಡು ಗುಣಗಳನ್ನೂ ಕೂಡಿಸಿಕೊಂಡ ಲಿಥಿಯಂ ಗ್ರೀಸು 1940ರ ದಶಕದಲ್ಲಿ ಬಂದು ನಾಭಿಗಳ ಪಾಲಿಗೆ ಉಪಕಾರಿಯಾಯಿತು. ಜಾತಿ ಬೇರೆಯಾದ ಗ್ರೀಸುಗಳನ್ನು ಬೆರೆಸಿದರೆ ಹೆಣಿಗೆ ಮುರಿದು ಎರಡೂ ನೀರಾಗುವ ಸಂಭವವಿದೆ. ಆದ್ದರಿಂದಲೇ ಹಳೆಯದನ್ನು ಪೂರ್ತಿ ತೊಳೆಯಬೇಕೆನ್ನುವುದು. ಹೊಸದನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತ, ಉರುಳೆಗಳ ನಡುವಿನಿಂದ ಆಚೆಗೆ ಹೊರಸೂಸುವ ತನಕ ತುಂಬಬೇಕು. ನಾಭಿಯ ಟೊಳ್ಳನ್ನು ಮಾತ್ರ ಕಂಠಪೂರ್ತಿ ತುಂಬಿಸಕೂಡದು. ಕಲಕಾಟದಿಂದ ಕಾದ ಗ್ರೀಸು ನಾಭಿಯ ಒಳಬಾಯಿಯನ್ನು ಮುಚ್ಚುವ ಆಯಿಲ್ ಸೀಲನ್ನು ದಾಟಿ ಬ್ರೇಕಿನ ಲೈನರಿಗೆ ಇಳಿಯುತ್ತದೆ.

ಈ ಕೆಲಸದ ಮರ್ಮವೆಲ್ಲ ಇರುವುದು ಒಳನಟ್ಟನ್ನು ಬಿಗಿಯುವುದರಲ್ಲಿ. ಬಿಗಿದಷ್ಟೂ ಭದ್ರ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. 50 ಮಿಲಿಮೀಟರು ವ್ಯಾಸದ ಉಕ್ಕಿನ ಬಳೆಯೊಂದು 60 ಡಿಗ್ರಿ ಹೆಚ್ಚು ಕಾದರೆ ಸುಮಾರು 0.036 ಮಿಲಿಮೀಟರು ಹಿಗ್ಗುತ್ತದೆ. ಆ ಹಿಗ್ಗಿಗೆ ಎಡೆಯಿಲ್ಲದಿದ್ದರೆ ಉರುಳೆಗಳು ಬಳೆಗಳ ನಡುವೆ ಹಿಂಡಲ್ಪಟ್ಟು, ಘರ್ಷಣೆಯಿಂದ ಇನ್ನಷ್ಟು ಕಾದು, ಕಾದುದರಿಂದ ಇನ್ನಷ್ಟು ಹಿಗ್ಗಿ, ಕಡೆಗೆ ಬೇರಿಂಗು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಸಡಿಲ ಹೆಚ್ಚಾದರೋ ಭಾರವು ಎಲ್ಲ ಉರುಳೆಗಳಿಗೆ ಹಂಚಿಹೋಗದೆ ಕೆಲವೇ ಉರುಳೆಗಳ ಪಾಲಾಗುತ್ತದೆ. ಜೀಪಿಗೆ ವಿಧಿಸಿದ ಪದ್ಧತಿಯೆಂದರೆ, ಗಾಲಿಯನ್ನು ತಿರುಗಿಸುತ್ತಲೇ ಅದು ತಡೆಯುವ ತನಕ ನಟ್ಟನ್ನು ಬಿಗಿದು, ಬಳಿಕ ಒಂದು ಸುತ್ತಿನ ಸುಮಾರು ಆರನೆಯ ಒಂದು ಭಾಗ ಹಿಂದಕ್ಕೆ ಬಿಡುವುದು. ತಿರುಗಿಸುತ್ತಲೇ ಬಿಗಿಯಬೇಕೆಂಬ ನಿಯಮವನ್ನು ಅವಸರದವರು ಮರೆಯುತ್ತಾರೆ. ತಿರುಗಿಸದಿದ್ದರೆ ಉರುಳೆಗಳು ತಮ್ಮ ನೆಲೆಯಲ್ಲಿ ಕೂಡದೆ, ಮೊದಲ ಕೆಲವು ಮೈಲಿಗಳಲ್ಲೇ ಪ್ಲೇ ಮರಳಿ ಬರುತ್ತದೆ.

ನಕಲಿನೊಳಗೆ ಶಾಫ್ಟಿನ ಕೀಲು ಇದೆ. ಸಾಮಾನ್ಯವಾದ ಹುಕ್‌ನ ಕೀಲು ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗವೇರಿ ಎರಡು ಸಲ ಇಳಿಯುತ್ತದೆ. 30 ಡಿಗ್ರಿ ಓರೆಯಲ್ಲಿ ಈ ಏರಿಳಿತವು ನೂರಕ್ಕೆ ಹದಿನೈದರ ಸಮೀಪಕ್ಕೆ ಹೋಗುತ್ತದೆ. ಇದನ್ನು ನಿವಾರಿಸಲೆಂದೇ ಯುದ್ಧಕಾಲದ ಜೀಪುಗಳಲ್ಲಿ ಬೆಂಡಿಕ್ಸ್, ರ್‍ಜೆಪ್ಪಾ, ಟ್ರ್ಯಾಕ್ಟಾ ಎಂಬ ಸಮವೇಗದ ಕೀಲುಗಳನ್ನು ಬಳಸಿದರು. ಗಾಲಿಯನ್ನು ಪೂರ್ತಿ ಹೊರಳಿಸಿ ಮೆಲ್ಲಗೆ ನಡೆಸಿದಾಗ ಟಕಟಕನೆಯ ಸದ್ದು ಬಂದರೆ ಕೀಲು ಸವೆದಿದೆಯೆಂದು ಅರ್ಥ.

ಹೌಸಿಂಗಿನ ಮೇಲೆ ಉಸಿರುಗಂಡಿಯೊಂದಿರುತ್ತದೆ; ಯಾರೂ ಅದರ ಕಡೆ ನೋಡುವುದಿಲ್ಲ. ಕೆಮ್ಮಣ್ಣು ಅದನ್ನು ಮುಚ್ಚಿದರೆ, ಒಳಗಿನ ಗಾಳಿ ಕಾದು ಹಿಗ್ಗಿ, ಗೇರ್ ಎಣ್ಣೆಯನ್ನು ಸೀಲಿನಾಚೆಗೆ ನೂಕುತ್ತದೆ. ಮಲೆನಾಡಿನಲ್ಲಿ ಇದರ ವಿಪರ್ಯಾಸವನ್ನೂ ಕಾಣಬಹುದು. ಘಾಟಿ ಇಳಿದು ಬಂದ ಗಾಡಿಯ ನಾಭಿ 80 ಡಿಗ್ರಿಗೆ ಕಾದಿದ್ದು, ಅದೇ ಬಿಸಿಯಲ್ಲಿ 25 ಡಿಗ್ರಿಯ ಹೊಳೆನೀರಿಗೆ ಇಳಿಯಿತೆನ್ನಿ. ಒಳಗಿನ ಗಾಳಿಯ ಒತ್ತಡವು ಸುಮಾರು ಆರರಲ್ಲೊಂದು ಪಾಲು ಕುಸಿದು, ಸೀಲಿನ ತುಟಿಯ ಸಂದಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೊಳೆ ದಾಟುವ ಮುನ್ನ ಒಂದು ಬೀಡಿಯ ಹೊತ್ತು ಗಾಡಿಯನ್ನು ನಿಲ್ಲಿಸುವ ಹಳೆಯ ಡ್ರೈವರನು ಸೋಮಾರಿಯೆಂದು ಬಗೆಯಬೇಡಿ. ಹೊಳೆಯಲ್ಲಿ ಓಡಾಡಿದ ಗಾಡಿಯ ನಾಭಿಯನ್ನು ಮಳೆಗಾಲ ಮುಗಿದೊಡನೆ ಬಿಚ್ಚಿ ನೋಡುವುದು ಉಚಿತ. ಗ್ರೀಸು ಬೆಳ್ಳಗೆ ನೊರೆಗಟ್ಟಿದ್ದರೆ ನೀರು ಸೇರಿದೆಯೆಂಬುದರಲ್ಲಿ ಸಂದೇಹವಿಲ್ಲ.

ಎಲ್ಲವನ್ನೂ ಮರಳಿ ಜೋಡಿಸಿ, ಲಾಕ್ ವಾಷರಿನ ಅಂಚನ್ನು ನಟ್ಟಿನ ಮೇಲೆ ಮಡಿಸಿದ ನಂತರ, ಬ್ರೇಕನ್ನು ಆದಷ್ಟು ಬಳಸದೆ ಕೆಲವು ಮೈಲಿ ಓಡಿಸಿ ನಾಭಿಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ ನಟ್ಟು ಬಿಗಿಯಾಯಿತೆಂದು ತಿಳಿದು ಮತ್ತೆ ಬಿಚ್ಚತಕ್ಕುದು. ಫ್ಲ್ಯಾಂಜಿನ ಬೋಲ್ಟುಗಳನ್ನೂ ಗಾಲಿಯ ನಟ್ಟುಗಳನ್ನೂ ಆಗಲೇ ಇನ್ನೊಮ್ಮೆ ಬಿಗಿಮಾಡಬೇಕು. ವಿಲಿಸ್ ಜೀಪಿನಲ್ಲಿ ಎಡಗಡೆಯ ಗಾಲಿಗಳ ನಟ್ಟುಗಳಿಗೆ ಎಡತಿರುಪು ಕೊಟ್ಟಿರುವುದನ್ನು ಇಲ್ಲಿ ನೆನಪಿಡಬೇಕು. ಗಾಲಿ ಉರುಳುವ ದಿಕ್ಕಿನಿಂದ ನಟ್ಟು ಸಡಿಲಗೊಳ್ಳದಿರಲಿ ಎಂದು ಮಾಡಿದ ಏರ್ಪಾಟು ಅದು. ಇದನ್ನರಿಯದವನು ಬಿಚ್ಚುತ್ತೇನೆಂದು ಭಾವಿಸಿ ಬಿಗಿಯುತ್ತಲೇ ಹೋಗಿ, ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಮೈಭಾರವನ್ನೆಲ್ಲ ಬಿಟ್ಟು, ಸ್ಟಡ್ಡನ್ನೇ ತಿರುಚಿ ಮುರಿಯುವುದುಂಟು.