ಶ್ರುತಿಗೆ ಒಗ್ಗದ ಗಿಟಾರುಗಳು

ಶ್ರುತಿ ನಿಲ್ಲದ ವಾದ್ಯವನ್ನು ಯಾರೂ ಕಛೇರಿಗೆ ಒಯ್ಯುವುದಿಲ್ಲ. ನ್ಯೂಯಾರ್ಕಿನ ‘ಸಾನಿಕ್ ಯೂತ್’ ರಾಕ್ ತಂಡ ಹಾಡು ಕಟ್ಟಿದ್ದೇ ಅಂಥವುಗಳಿಂದ. 1981ರಲ್ಲಿ ಥರ್ಸ್ಟನ್ ಮೂರ್, ಕಿಮ್ ಗಾರ್ಡನ್, ಲೀ ರಾನಾಲ್ಡೊ ಒಂದಾದಾಗ ಕೈಯಲ್ಲಿ ಕಾಸಿರಲಿಲ್ಲ. ಸಿಕ್ಕಿದ ಅಗ್ಗದ ಗಿಟಾರುಗಳು ವಾಡಿಕೆಯ ಶ್ರುತಿಗೆ ಒಗ್ಗಲಿಲ್ಲ. ಹಾಗಾದರೆ ಯಾವ ಶ್ರುತಿಯಲ್ಲಿ ಚೆನ್ನಾಗಿ ಕೇಳುತ್ತವೋ ಅದೇ ಇರಲಿ ಎಂದರು. ತಂತಿಗಳಡಿಗೆ ಸ್ಕ್ರೂಡ್ರೈವರ್, ಡ್ರಮ್ಮಿನ ಕೋಲು ತುರುಕಿ ನುಡಿಸಿದರು. ಗಂಟೆಯ ನಾದವೂ ಕಬ್ಬಿಣ ಉಜ್ಜಿದ ಸದ್ದೂ ಒಟ್ಟಿಗೆ ಹೊಮ್ಮಿದವು. ಗದ್ದಲವನ್ನೇ ಸಂಗೀತದ ಸಾಮಗ್ರಿಯಾಗಿಸುವ ಈ ಬಗೆಗೆ ‘ನಾಯ್ಸ್ ರಾಕ್’ ಎಂದು ಹೆಸರು. ಮೊದಲ ಸಲ ಕೇಳಿದವರಿಗೆ ಕಿವಿ ಮುಚ್ಚಿಕೊಳ್ಳೋಣ ಎನಿಸಿದರೆ ತಪ್ಪಿಲ್ಲ.

1985ರಲ್ಲಿ ಸ್ಟೀವ್ ಶೆಲ್ಲಿ ಡ್ರಮ್ಮಿಗೆ ಬಂದ ಮೇಲೆ ಗದ್ದಲಕ್ಕೆ ಲಯದ ಬಿಗಿ ಸಿಕ್ಕಿತು. 1988ರ ‘ಡೇಡ್ರೀಮ್ ನೇಷನ್’ನಲ್ಲಿ ಗದ್ದಲವೂ ಹಾಡೂ ಹದವಾಗಿ ಬೆರೆತವು. ಅವರ ಅತ್ಯುತ್ತಮ ಆಲ್ಬಂ ಅದೇ.

ಒಂದೊಂದು ಶ್ರುತಿಗೆ ಒಂದೊಂದು ಗಿಟಾರು ಮೀಸಲು. ಹೀಗಾಗಿ 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾದ್ಯಗಳಿದ್ದ ಲಾರಿಯೇ ಕಳುವಾದಾಗ ಎಷ್ಟೋ ಹಾಡುಗಳ ದನಿಯೇ ಹೋದಂತಾಯಿತು. ಸ್ಟುಡಿಯೋದಲ್ಲಿ ಉಳಿದಿದ್ದ ಹಳೆಯ ಗಿಟಾರುಗಳನ್ನು ಹುಡುಕಿ ತೆಗೆದು ಮತ್ತೆ ಶುರು ಮಾಡಿದರು. 2000ದಲ್ಲಿ ಬಂದ ‘ಎನ್‌ವೈಸಿ ಘೋಸ್ಟ್ಸ್ ಅಂಡ್ ಫ್ಲವರ್ಸ್’ನಲ್ಲಿ ಹಾಡಿಗಿಂತ ಮಾತು ಹೆಚ್ಚು, ನಾದ ವಿರಳ. ಕೆಲ ವಿಮರ್ಶಕರು ಜರಿದರು. ತಂಡ 2011ರವರೆಗೆ ನಡೆಯಿತು. ಕಳುವಾದ ಕೆಲವು ಗಿಟಾರುಗಳು ವರ್ಷಗಳ ಮೇಲೆ ಮರಳಿ ಕೈಸೇರಿದವು.