ಮಗುವಿನ ಮೆದುಳು ಉರಿಸುವ ಸಕ್ಕರೆ: ಡೆಟ್ರಾಯಿಟ್ ವೈದ್ಯರು ಕಂಡುಕೊಂಡದ್ದು

ಡೆಟ್ರಾಯಿಟ್ ಅಂದ್ರೆ ಕಾರು ಕಾರ್ಖಾನೆ ಅಂತಲೇ ನಮ್ಮವರಿಗೆ ಗೊತ್ತು. ಅದೇ ಊರಿನ ಮಕ್ಕಳ ಆಸ್ಪತ್ರೆ ಮತ್ತು ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾ. ಹ್ಯಾರಿ ಚುಗಾನಿ 1993ರಿಂದ ವರ್ಷಗಟ್ಟಲೆ ಮಕ್ಕಳ ಮೆದುಳಿನ ಪೆಟ್ ಸ್ಕ್ಯಾನ್ ಮಾಡಿದರು. ಅಲ್ಪ ವಿಕಿರಣ ಸೂಸುವ ಸಕ್ಕರೆಯಂಥ ದ್ರವವನ್ನು ರಕ್ತನಾಳಕ್ಕೆ ಕೊಟ್ಟರೆ, ಮೆದುಳಿನ ಯಾವ ಭಾಗ ಎಷ್ಟು ಗ್ಲೂಕೋಸ್ ಬಳಸುತ್ತಿದೆ ಎಂದು ಯಂತ್ರ ತೋರಿಸುತ್ತದೆ. ಮಾಮೂಲಿ ಎಂಆರ್‌ಐ ಮೆದುಳಿನ ಆಕಾರ ತೋರಿಸಿದರೆ, ಇದು ಅದರ ಕೆಲಸ ತೋರಿಸುತ್ತದೆ.

ಅದಕ್ಕೂ ಮೊದಲು ಲಾಸ್ ಏಂಜಲೀಸ್‌ನಲ್ಲಿದ್ದಾಗ, 1987ರಲ್ಲಿ, ಅವರು ಮತ್ತು ಸಂಗಡಿಗರು 29 ಮಕ್ಕಳ ಸ್ಕ್ಯಾನ್ ಫಲಿತಾಂಶ ಪ್ರಕಟಿಸಿದ್ದರು. ಹುಟ್ಟಿದ ಮಗುವಿನ ಮೆದುಳು ದೊಡ್ಡವರದ್ದಕ್ಕಿಂತ ಕಡಿಮೆ ಗ್ಲೂಕೋಸ್ ಬಳಸುತ್ತದೆ. 2 ವರ್ಷಕ್ಕೆ ದೊಡ್ಡವರ ಮಟ್ಟ ಮುಟ್ಟುತ್ತದೆ, 3-4ಕ್ಕೆ ಹೆಚ್ಚುಕಡಿಮೆ ಇಮ್ಮಡಿ! ಸುಮಾರು 9 ವರ್ಷದವರೆಗೆ ಹಾಗೇ ಇದ್ದು, ಹದಿಹರೆಯ ಮುಗಿಯುವಷ್ಟರಲ್ಲಿ ಇಳಿಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಪೀಟರ್ ಹುಟೆನ್‌ಲಾಕರ್ 1979ರಲ್ಲೇ ಸೂಕ್ಷ್ಮದರ್ಶಕದಡಿ ನರಕೋಶಗಳ ಜೋಡಣೆಗಳನ್ನು ಎಣಿಸಿ, ಎಳೆಯ ಮಕ್ಕಳಲ್ಲಿ ಅವು ದೊಡ್ಡವರಿಗಿಂತ ಹೆಚ್ಚು ಎಂದಿದ್ದರು. ಎರಡೂ ಲೆಕ್ಕ ಒಂದಕ್ಕೊಂದು ಹೊಂದಿದವು.

2001ರಲ್ಲಿ ಚುಗಾನಿ ತಂಡ ರುಮೇನಿಯಾದ ಅನಾಥಾಲಯಗಳಿಂದ ದತ್ತು ಬಂದ 10 ಮಕ್ಕಳನ್ನು ನೋಡಿತು. ಭಾವನೆ, ನಡವಳಿಕೆಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಗ್ಲೂಕೋಸ್ ಬಳಕೆ ಕಮ್ಮಿಯಿತ್ತು. ಗಮನ ನಿಲ್ಲಿಸುವುದೂ ಬೆರೆಯುವುದೂ ಅವರಿಗೆ ಕಷ್ಟವಾಗಿತ್ತು. ಇದನ್ನೋದಿ ಗಲ್ಫ್‌ನಲ್ಲಿರುವ ಅಪ್ಪಂದಿರು ಗಾಬರಿಯಾಗಬೇಕಿಲ್ಲ. ಆ ಮಕ್ಕಳನ್ನು ಎತ್ತಿಕೊಳ್ಳುವವರೇ ಇರಲಿಲ್ಲ. ಅಮ್ಮ, ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಗುವಿನ ಕತೆಯೇ ಬೇರೆ.

ಮನೆಮನೆಗೂ ಬೇಕಾದ ವಿಷಯ ಇನ್ನೊಂದಿದೆ. ಶಿಶುಗಳಿಗೆ, ಹೆಚ್ಚಾಗಿ ಒಂದು ವರ್ಷದೊಳಗೆ, ಒಂದು ಬಗೆಯ ಫಿಟ್ಸ್ ಬರುತ್ತದೆ. ನಿದ್ದೆಯಿಂದ ಎದ್ದಾಗ ತಲೆ ಮುಂದಕ್ಕೆ ಬಾಗುತ್ತದೆ, ಕೈ ಚಾಚುತ್ತದೆ, ಕೆಲವು ಸೆಕೆಂಡಿಗೊಮ್ಮೆ ಮತ್ತೆಮತ್ತೆ. ಹೊಟ್ಟೆನೋವು ಇರಬೇಕು, ದೃಷ್ಟಿ ತಾಗಿರಬೇಕು ಅಂತ ದಿನ ದೂಡುವುದುಂಟು. ಕಾರಣವೇ ಸಿಗದ ಇಂಥ ಕೆಲವು ಮಕ್ಕಳಲ್ಲಿ ದೋಷ ಮೆದುಳಿನ ಒಂದೇ ಜಾಗದಲ್ಲಿದೆ ಎಂದು ಚುಗಾನಿ ತಂಡ 1990ರಲ್ಲಿ ಪೆಟ್ ಮೂಲಕ ತೋರಿಸಿತು. ಆಪರೇಷನ್ನಿನ ದಾರಿ ತೆರೆಯಿತು. ಎಲ್ಲರಿಗೂ ಪೆಟ್ ಬೇಕಿಲ್ಲ. ಮೊದಲು ಇಇಜಿ, ನಂತರ ಔಷಧ. ಆದರೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಅಂಥ ಸೆಳೆತ ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ದುಬೈನಲ್ಲಿರುವ ಅಪ್ಪನಿಗೆ ಕಳಿಸುವ ಮೊದಲು, ಅದೇ ದಿನ, ಮಕ್ಕಳ ಡಾಕ್ಟರಿಗೆ ತೋರಿಸಿ.