ಮಗುವಿಗೆ ಮಾತು ಬರುವುದು ಕಿವಿಯಿಂದ

ಮಾತಿಗೆ ಶರಣರು ಕೊಟ್ಟ ಸ್ಥಾನ ನಮಗೆಲ್ಲ ತಿಳಿದದ್ದೇ. ಆ ಮಾತು ಮಗುವಿಗೆ ಹೇಗೆ ಬರುತ್ತದೆಂದು ನಾವು ಯೋಚಿಸುವುದು ಮಾತ್ರ ಕಡಿಮೆ. ಎರಡು-ಮೂರು ವರ್ಷವಾದರೂ ಮಾತನಾಡದ ಮಗುವನ್ನು ಕರೆತರುವ ಪಾಲಕರು, “ಇದರ ನಾಲಿಗೆ ನೋಡ್ರಿ ಡಾಕ್ಟರೇ” ಎನ್ನುತ್ತಾರೆ. ವೈದ್ಯರು ಮೊದಲು ನೋಡುವುದು ಕಿವಿಯನ್ನು.

ಗರ್ಭದಲ್ಲಿ ಏಳನೆಯ ತಿಂಗಳ ಹೊತ್ತಿಗೇ ಕೂಸಿನ ಕಿವಿ ಕೆಲಸ ಮಾಡತೊಡಗಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಗುರುತಿಸುತ್ತದೆ. ಇದಕ್ಕಿಂತಲೂ ಸೋಜಿಗದ ಸಂಗತಿಯೊಂದಿದೆ. ‘ತ’ ಮತ್ತು ‘ಟ’ ನಮಗೆ ಬೇರೆ ಬೇರೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಆ ವ್ಯತ್ಯಾಸ ಕೇಳಿಸುವುದೇ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳು ಹಿಂದಿಯ ಇಂಥ ದನಿಗಳನ್ನು ಸಲೀಸಾಗಿ ಬೇರ್ಪಡಿಸಿದವು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಕುಗ್ಗಿತ್ತು. ಅಂದರೆ ಮಗು ಸರಿಯಾಗಿ ಒಂದು ಮಾತಾಡುವ ಮೊದಲೇ ಅದರ ಮಿದುಳು ಮನೆಯ ಭಾಷೆಗೆ ಹೊಂದಿಕೊಂಡಿರುತ್ತದೆ.

ಹೆಚ್ಚಿನವರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗದ್ದು. ಬಲಗೈ, ಬಲಗಾಲಿಗೆ ಲಕ್ವಾ ಹೊಡೆದವರಲ್ಲಿ ಅನೇಕರ ಮಾತೂ ನಿಲ್ಲುವುದು ಇದರಿಂದಲೇ. ಎಳೆಯ ಮಿದುಳಿನಲ್ಲಿ ಬಳಸಿದ ನರಸಂಪರ್ಕಗಳು ಗಟ್ಟಿಯಾಗುತ್ತವೆ, ಬಳಸದವು ಸವೆಯುತ್ತವೆ. ಕಿವಿ ಕೇಳಿಸದ ಮಗುವಿಗೆ ನಷ್ಟವಾಗುವುದು ಇಲ್ಲಿ. ಮೊದಲ ತಿಂಗಳುಗಳಲ್ಲಿ ಅದೂ ಬೇರೆ ಮಕ್ಕಳಂತೆ ‘ಊ... ಆ...’ ಎನ್ನುವುದರಿಂದ ಮನೆಯವರಿಗೆ ಅನುಮಾನ ಬರುವುದಿಲ್ಲ. ‘ಬಬಬ’, ‘ದದದ’ ಎಂಬ ತೊದಲು ಹತ್ತು ತಿಂಗಳಾದರೂ ಬಾರದಿದ್ದರೆ ಎಚ್ಚರಗೊಳ್ಳಬೇಕು. ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದರೆ ಸಾಲದು. ನೆರಳಿಗೋ ನೆಲದ ಅದುರಿಗೋ ಮಗು ತಿರುಗಿರಬಹುದು.

“ಅವರಪ್ಪನಿಗೂ ಮಾತು ತಡವಾಗಿಯೇ ಬಂತು” ಎಂದು ಅಜ್ಜಿಯರು ಸಮಾಧಾನ ಹೇಳುವುದುಂಟು. ಬಜೆ ತೇಯ್ದು ನೆಕ್ಕಿಸುವುದೂ ಉಂಟು. ಅದರಿಂದ ಕಿವಿ ತೆರೆಯುವುದಿಲ್ಲ, ತಿಂಗಳುಗಳು ಮಾತ್ರ ಕಳೆಯುತ್ತವೆ. ಮನೆಯಲ್ಲಿ ಎರಡು ಭಾಷೆ ಆಡುವುದರಿಂದ ಮಾತು ನಿಂತಿತೆಂಬುದೂ ನಿಜವಲ್ಲ.

ಮಿದುಳಿಗೆ ಬೇಕಾದದ್ದು ಭಾಷೆ. ಅದು ಸದ್ದಿನದೇ ಆಗಬೇಕೆಂದಿಲ್ಲ. 1970ರ ದಶಕದ ಕೊನೆಯಿಂದ ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ಕಿವುಡ ಮಕ್ಕಳು ಶಾಲೆಯಲ್ಲಿ ಒಟ್ಟುಗೂಡಿದಾಗ, ಯಾರೂ ಕಲಿಸದೆ ತಮ್ಮತಮ್ಮಲ್ಲೇ ಒಂದು ಸನ್ನೆಭಾಷೆಯನ್ನು ಕಟ್ಟಿಕೊಂಡರು. ಆಮೇಲೆ ಸೇರಿದ ಕಿರಿಯರು ಅದರ ವ್ಯಾಕರಣವನ್ನು ಇನ್ನಷ್ಟು ಬೆಳೆಸಿದರು. ಸನ್ನೆ ಮಾಡಿದರೆ ಮಾತು ಬಾರದೆಂದು ಮಗುವಿನ ಕೈ ಹಿಡಿಯುವ ಪಾಲಕರು ಇದನ್ನು ತಿಳಿಯಬೇಕು.

ಓ.ಎ.ಇ. ಮತ್ತು ಬೆರಾ ಪರೀಕ್ಷೆಗಳನ್ನು ಹುಟ್ಟಿದ ಕೂಸಿಗೂ ಮಾಡಬಹುದು. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಮಗು ಮಲಗಿದ್ದಾಗಲೇ ಮುಗಿಯುತ್ತದೆ. ದೋಷ ಮೂರು ತಿಂಗಳೊಳಗೆ ತಿಳಿದು, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ ಶುರುವಾದರೆ ಒಳ್ಳೆಯದು. ಅಗತ್ಯವಿದ್ದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ಇದೆ. ಸೋದರ ಸಂಬಂಧದಲ್ಲಿ ಮದುವೆಯಾದವರ ಮಕ್ಕಳು, ದಿನ ತುಂಬದೆ ಹುಟ್ಟಿದವರು, ಹುಟ್ಟಿದಾಗ ತೀವ್ರ ಕಾಮಾಲೆಯಾದವರು, ಮಿದುಳು ಜ್ವರ ಬಂದವರು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಕಿವಿ ಚೆನ್ನಾಗಿದ್ದೂ ಮಾತು ಬಾರದಿದ್ದರೆ ಕಾರಣ ಬೇರೆ ಇರುತ್ತದೆ. ಅದನ್ನು ಮಕ್ಕಳ ವೈದ್ಯರು ನೋಡುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ಜೊತೆಗೆ ತಾಯಂದಿರಿಗೂ ತರಬೇತಿ ಕೊಡುತ್ತಾರೆ. ಹೋಗುವಾಗ ಹೆರಿಗೆಯ ಕಾಗದಪತ್ರ ಮತ್ತು ಲಸಿಕೆಯ ಕಾರ್ಡನ್ನು ಮರೆಯದೆ ಒಯ್ಯಿರಿ.